ಎಲ್ಲಕ್ಕೂ ಲೆಕ್ಕ ಇದೆ, ನೀರಿಗೆ ಮಾತ್ರ ಇಲ್ಲ

ಜಹೀರಾಬಾದ್: ಕಳೆದ ಬೇಸಿಗೆಯ ಮಾತು. ನಮ್ಮ ಸೋದರತ್ತೆಯ ಮಗಳ ಮದುವೆ, ಪಟ್ಟಣದ ಒಂದು ಫಂಕ್ಷನ್ ಹಾಲ್‌ನಲ್ಲಿ. ಬೀದರ್, ಹುಮನಾಬಾದ್, ಉದಗೀರ್ ಕಡೆಯಿಂದ ಬೀಗರು ಬಂದಿದ್ದರು. ಊಟಕ್ಕೆ ಎಂಟುನೂರು ಮಂದಿ ಎಂದು ಅಂದಾಜು. ಬೆಳಿಗ್ಗೆ ಏಳಕ್ಕೇ ಹಾಲ್‌ನ ಬೋರು ಗಾಳಿ ಉಗುಳತೊಡಗಿತು. ಮ್ಯಾನೇಜರ್ ಎಲ್ಲಿಗೋ ಫೋನ್ ಮಾಡಿದ. ಹತ್ತು ಗಂಟೆಯೊಳಗೆ ಮೂರು ಟ್ಯಾಂಕರ್ ಬಂದು ಸಂಪಿಗೆ ನೀರು ಸುರಿದು ಹೋದವು. ಒಂದೊಂದೂ ಐದು ಸಾವಿರ ಲೀಟರಿನದು. ಮದುವೆ ಸಾಂಗವಾಗಿ ಮುಗಿಯಿತು. ಊಟ ಚೆನ್ನಾಗಿತ್ತು ಎಂದು ಬೀಗರೂ ಹೊಗಳಿದರು.

ಸಂಜೆ ಹಾಲ್‌ನ ಹಿಂದಿನ ಓಣಿಯಿಂದ ಬೈಕ್ ತರಲು ಹೋದೆ. ಅಲ್ಲೊಂದು ಸರ್ಕಾರಿ ಬೋರಿಂಗ್ ಇದೆ. ಅದರ ಹಿಡಿಕೆ ಹೊಡೆದೂ ಹೊಡೆದೂ ಸುಸ್ತಾದ ಅಜ್ಜಿಯೊಬ್ಬರು ಕಟ್ಟೆಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ನಾಲ್ಕು ಖಾಲಿ ಕೊಡ. ಹೊಸ ಬಟ್ಟೆಯಲ್ಲಿದ್ದ ನನ್ನನ್ನು ನೋಡಿ, ‘ಮದುವಿ ಛಲೋ ಆತೇನಪಾ? ಹಾಲ್‌ನಾಗ ಮದುವಿ ಇದ್ದ ದಿನ ನಮ್ಮ ಬೋರಿಂಗ್ ಬರಂಗಿಲ್ಲ ನೋಡು’ ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ. ಮಳೆ ಬಂತು, ಬಿಸಿಲು ಬಂತು ಎಂದು ಹೇಳಿದ ಹಾಗೆ ಹೇಳಿದರು.

ನನಗೆ ಆ ಮಾತು ಚುಚ್ಚಲು ಇನ್ನೊಂದು ಕಾರಣವಿದೆ. ಪತ್ರಿಕೆಗೆ ಸುದ್ದಿ ಬರೆಯುವುದು ನನ್ನ ಅರ್ಧ ಹೊಟ್ಟೆಯ ಕೆಲಸ. ಉಳಿದರ್ಧ ತುಂಬುವುದು ಅಂಗಡಿ, ಲಾಡ್ಜುಗಳ ಲೆಕ್ಕ ಬರೆದು. ಬಿ.ಕಾಂ. ಓದಿದ್ದರ ಫಲ. ಅದೇ ಫಂಕ್ಷನ್ ಹಾಲ್‌ನ ಖಾತೆಯನ್ನೂ ನಾನೇ ಬರೆಯುತ್ತೇನೆ. ಮುಂದಿನ ವಾರ ಆ ಮೂರು ಟ್ಯಾಂಕರ್‌ಗಳ ಚೀಟಿ ನನ್ನ ಕೈಗೇ ಬಂದವು.

ಖಾತೆಯಲ್ಲಿ ನೀರಿನ ಪುಟವಿಲ್ಲ

ಎಲ್ಲಿ ಬರೆಯಬೇಕು? ಕರೆಂಟ್ ಬಿಲ್ಲಿಗೆ ಒಂದು ಪುಟವಿದೆ. ಕೆಲಸಗಾರರ ಪಗಾರಕ್ಕೆ, ಗ್ಯಾಸಿಗೆ, ಜನರೇಟರ್ ಡೀಸೆಲ್‌ಗೆ, ಪಾಲಿಕೆ ತೆರಿಗೆಗೆ ಪುಟಗಳಿವೆ. ಕುರ್ಚಿ ಮುರಿದರೂ ರಿಪೇರಿ ಖಾತೆ ಇದೆ. ನೀರಿಗೆ ಮಾತ್ರ ಇಲ್ಲ. ಟ್ಯಾಂಕರ್ ಚೀಟಿಗಳನ್ನು ಇಷ್ಟು ವರ್ಷ ನಾನು ‘ಇತರೆ ಖರ್ಚು’ ಎಂಬ ಪುಟದಲ್ಲಿ ಪೊರಕೆ, ಫಿನಾಯಿಲ್, ಜಾತ್ರೆಯ ದೇಣಿಗೆಗಳ ಜೊತೆ ಬರೆಯುತ್ತ ಬಂದಿದ್ದೆ. ಇನ್ನು ಬೋರ್‌ವೆಲ್‌ನಿಂದ ಎತ್ತಿದ ನೀರಂತೂ ಯಾವ ಪುಟದಲ್ಲೂ ಇಲ್ಲ. ಪಂಪ್ ಓಡಿದ ಕರೆಂಟಿನ ಲೆಕ್ಕ ಸಿಗುತ್ತದೆ, ಅದು ಎಷ್ಟು ನೀರು ತಂದಿತು ಎಂಬುದು ಸಿಗುವುದಿಲ್ಲ.

ಇದು ಒಂದು ಹಾಲ್‌ನ ಕಥೆಯಲ್ಲ. ನಾನು ಲೆಕ್ಕ ಬರೆಯುವ ಯಾವ ಕಟ್ಟಡದಲ್ಲೂ ನೀರಿನ ಮೀಟರ್ ಇರಲಿಲ್ಲ. ಲೆಕ್ಕ ಶಾಸ್ತ್ರದಲ್ಲಿ ಒಂದು ಸರಳ ನಿಯಮವಿದೆ. ಬರೆಯದ ಖರ್ಚನ್ನು ಯಾರೂ ಕಡಿಮೆ ಮಾಡುವುದಿಲ್ಲ. ಕಣ್ಣಿಗೆ ಕಾಣದ ಖರ್ಚು ಖರ್ಚೇ ಅಲ್ಲ ಎಂದು ಮಾಲೀಕ ತಿಳಿಯುತ್ತಾನೆ. ಆ ಖರ್ಚನ್ನು ಬೇರೆ ಯಾರೋ ತುಂಬುತ್ತಿರುತ್ತಾರೆ. ನಮ್ಮೂರಲ್ಲಿ ಅದನ್ನು ತುಂಬುತ್ತಿರುವವರು ಹಿಂದಿನ ಓಣಿಯ ಕೊಡದವರು.

ಜಹೀರಾಬಾದ್ ಈಗ ಹಳೆಯ ಜಹೀರಾಬಾದ್ ಅಲ್ಲ. ಹೈದರಾಬಾದಿನಿಂದ ಪುಣೆಗೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿಯ ಎರಡೂ ಬದಿಗೆ ಲಾಡ್ಜು, ಢಾಬಾ, ಗಾಡಿ ತೊಳೆಯುವ ಸೆಂಟರ್, ಶೋರೂಮುಗಳು ಎದ್ದಿವೆ. ನಾರಾಯಣಖೇಡದಲ್ಲಿ ಆಸ್ಪತ್ರೆ, ಕಾಂಪ್ಲೆಕ್ಸುಗಳು ಬಂದಿವೆ. ತಾಂಡೂರಿನಲ್ಲಿ ಕಲ್ಲಿನ ಪಾಲಿಶ್ ಕಾರ್ಖಾನೆಗಳ ಜೊತೆಗೆ ದೊಡ್ಡ ಅಂಗಡಿಗಳೂ ಬಂದಿವೆ. ಊರು ಬೆಳೆಯಬೇಕು, ಬೇಡ ಎನ್ನುವವರು ಯಾರೂ ಇಲ್ಲ. ಇವುಗಳಲ್ಲಿ ನಮ್ಮ ಕನ್ನಡ ಮನೆಗಳವರ ಅಂಗಡಿ, ಹೋಟೆಲುಗಳೂ ಇವೆ. ಆದ್ದರಿಂದ ಇದು ಯಾರೋ ಬೇರೆಯವರನ್ನು ಬೈಯುವ ಲೇಖನವಲ್ಲ.

ಬೀದರಿಗೆ ಹೋದ ನೀರು ತಿರುಗಿ ಬರುತ್ತದೆ

ನಮ್ಮ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಮ್ಮೆ ನೋಡೋಣ. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗೆರೆ ಬಿದ್ದು ನಾವು ಈ ಕಡೆ ಉಳಿದೆವು. 2016ರಲ್ಲಿ ಮತ್ತೆ ಜಿಲ್ಲೆ ಬದಲಾಗಿ ಮೊದಲೆರಡು ಸಂಗಾರೆಡ್ಡಿಗೆ, ತಾಂಡೂರು ವಿಕಾರಾಬಾದಿಗೆ ಸೇರಿದವು. ಕಡತಗಳು ಊರೂರು ತಿರುಗಿದವು. ನೀರು ಮಾತ್ರ ತನ್ನ ಹಳೆಯ ದಾರಿ ಬಿಡಲಿಲ್ಲ.

ಜಹೀರಾಬಾದ್ ಬಳಿಯ ನಾರಿಂಜ ಹಳ್ಳ ಪಶ್ಚಿಮಕ್ಕೆ ಹರಿಯುತ್ತದೆ. ಗಡಿ ದಾಟಿದ ಮೇಲೆ ಅದೇ ಕಾರಂಜಾ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ಬೀದರ್ ಪಟ್ಟಣ ಆ ನೀರನ್ನು ಕುಡಿಯುತ್ತದೆ. ಕಾರಂಜಾ ಮುಂದೆ ಮಾಂಜ್ರಾ ನದಿಗೆ ಸೇರುತ್ತದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಹುಟ್ಟಿ, ಲಾತೂರು ಸೀಮೆ ದಾಟಿ, ಬೀದರ್ ಜಿಲ್ಲೆಯಲ್ಲಿ ಹರಿದು ಬರುವ ಮಾಂಜ್ರಾ ತಿರುಗಿ ತೆಲಂಗಾಣಕ್ಕೆ ಬಂದು ಸಿಂಗೂರು ಜಲಾಶಯದಲ್ಲಿ ನಿಲ್ಲುತ್ತದೆ. ಸಿಂಗೂರಿನಿಂದ ಮಿಷನ್ ಭಗೀರಥದ ಪೈಪಿನಲ್ಲಿ ಮತ್ತೆ ಜಹೀರಾಬಾದಿನ, ಖೇಡದ ನಲ್ಲಿಗೆ ಬರುತ್ತದೆ.

ಅಂದರೆ ಏನಾಯಿತು? ನಮ್ಮ ಲಾಡ್ಜಿನ ಚರಂಡಿ ಬಿಟ್ಟ ನೀರು ಬೀದರಿನ ಬೀಗರ ಕೊಡದ ದಾರಿಯಲ್ಲಿ ಹೋಗಿ, ಸುತ್ತು ಹೊಡೆದು, ನಮ್ಮದೇ ನಲ್ಲಿಗೆ ಬರುವ ದಾರಿ ಹಿಡಿಯುತ್ತದೆ. ತಾಂಡೂರಿನ ಕಾಗಿಣಾ ಕೂಡ ಹಾಗೆಯೇ ಗಡಿ ದಾಟಿ ಮಳಖೇಡದ ಕೋಟೆಯ ಪಕ್ಕದಲ್ಲಿ ಹರಿದು ಭೀಮಾ ಸೇರುತ್ತದೆ. ಸೇಡಂ, ಚಿತ್ತಾಪುರದ ಕಡೆ ಹೆಣ್ಣು ಕೊಟ್ಟವರು, ತಂದವರು ತಾಂಡೂರಿನಲ್ಲಿ ಎಷ್ಟು ಮಂದಿ ಇದ್ದೀರಿ! ಇಲ್ಲಿ ಕೆಡಿಸಿದ್ದು ಅಲ್ಲಿ ಮಗಳ ಮನೆಗೆ ಮುಟ್ಟುತ್ತದೆ.

ಇನ್ನು ಬರಗಾಲದ ನೆನಪು. ಮರಾಠಿ ಪತ್ರಿಕೆಗಳಲ್ಲಿ ಬೇಸಿಗೆ ಬಂದರೆ ‘ಪಾಣಿ ಟಂಚಾಯಿ’ ಎಂಬ ಶಬ್ದ ನಿತ್ಯ ಕಾಣುತ್ತದೆ. ನಮ್ಮ ತಾಯಿಯ ತವರು ಲಾತೂರು ಕಡೆ. 2016ರಲ್ಲಿ ಅಲ್ಲಿ ಮಾಂಜ್ರಾ ಅಣೆಕಟ್ಟು ಬತ್ತಿತು. ಮಾರ್ಚಿಯಲ್ಲಿ ನೀರಿನ ಟಾಕಿಗಳ ಸುತ್ತ ಗುಂಪು ಸೇರದಂತೆ 144ನೇ ಕಲಂ ಹಾಕಿದರು. ಏಪ್ರಿಲ್‌ನಲ್ಲಿ ಮಿರಜ್‌ನಿಂದ ‘ಜಲದೂತ’ ರೈಲು ನೀರು ಹೊತ್ತು ಬಂತು. ಮೊದಲ ಸಲ ಬಂದದ್ದು ಹತ್ತು ವ್ಯಾಗನ್, ಐದು ಲಕ್ಷ ಲೀಟರ್. ಅದೇ ಬೇಸಿಗೆಯಲ್ಲಿ ಇತ್ತ ಸಿಂಗೂರಿನ ಒಡಲೂ ಬಿರುಕು ಬಿಟ್ಟಿತ್ತು. ಒಂದೇ ನದಿ, ಮೇಲಿನವರಿಗೂ ಇಲ್ಲ, ಕೆಳಗಿನವರಿಗೂ ಇಲ್ಲ. ಆ ವರ್ಷ ಸೆಪ್ಟೆಂಬರ್ ಮಳೆ ಕೈ ಹಿಡಿಯಿತು. ಪ್ರತಿ ಸಲ ಹಿಡಿದೀತು ಎಂಬ ಖಾತರಿ ಯಾರು ಕೊಡುತ್ತಾರೆ?

ಭಗೀರಥದ ಪೈಪು ಬಂದ ಮೇಲೆ ಹೆಂಗಸರು ಕೊಡ ಹೊತ್ತು ಮೈಲಿಗಟ್ಟಲೆ ಹೋಗುವುದು ಕಡಿಮೆಯಾಗಿದೆ, ಅದನ್ನು ಒಪ್ಪಬೇಕು. ಆದರೆ ಆ ಯೋಜನೆಯ ಲೆಕ್ಕ ಹಳ್ಳಿಯಲ್ಲಿ ತಲೆಗೆ ದಿನಕ್ಕೆ 100 ಲೀಟರ್, ಪುರಸಭೆಯ ಊರಿನಲ್ಲಿ 135 ಲೀಟರ್. ನಮ್ಮ ಮದುವೆಗೆ ಬಂದ ಮೂರು ಟ್ಯಾಂಕರ್‌ನ 15 ಸಾವಿರ ಲೀಟರ್ ಎಂದರೆ 111 ಮಂದಿಯ ಒಂದು ದಿನದ ಪಾಲು. ಬೋರಿನಿಂದ ಎತ್ತಿದ್ದು ಬೇರೆ.

ಯಾವ ಕಟ್ಟಡಕ್ಕೆ ಯಾವ ಮದ್ದು

ನೀರು ಉಳಿಸಿ ಎಂದು ಗೋಡೆಯ ಮೇಲೆ ಬರೆದರೆ ಉಳಿಯುವುದಿಲ್ಲ. ಒಂದೊಂದು ಕಟ್ಟಡದ ರೋಗ ಒಂದೊಂದು ಥರ. ಲೆಕ್ಕ ಹಾಕಿ ನೋಡೋಣ.

ಮೊದಲು ಫಂಕ್ಷನ್ ಹಾಲ್. ಹತ್ತು ಸಾವಿರ ಚದರ ಅಡಿಯ ಚಾವಣಿ ಎಂದುಕೊಳ್ಳಿ. ಅಂದರೆ ಸುಮಾರು 929 ಚದರ ಮೀಟರ್. ವರ್ಷಕ್ಕೆ 800 ಮಿಲಿಮೀಟರ್ ಮಳೆ ಎಂದು ಹಿಡಿಯೋಣ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹಾಗಾದರೆ ಚಾವಣಿ ಮೇಲೆ ಬೀಳುವುದು 7 ಲಕ್ಷ 43 ಸಾವಿರ ಲೀಟರ್. ಆವಿಯಾಗಿ, ಸೋರಿ ಐದರಲ್ಲಿ ಒಂದು ಪಾಲು ಹೋದರೂ 5 ಲಕ್ಷ 90 ಸಾವಿರ ಲೀಟರ್ ಕೈಗೆ ಸಿಗುತ್ತದೆ. ಐದು ಸಾವಿರ ಲೀಟರಿನ 118 ಟ್ಯಾಂಕರ್! ವರ್ಷಕ್ಕೆ ನಲವತ್ತು ಮದುವೆ, ಮದುವೆಗೆ ಮೂರು ಟ್ಯಾಂಕರ್ ಎಂದರೆ 120 ಟ್ಯಾಂಕರ್. ಲೆಕ್ಕ ಹೆಚ್ಚು ಕಡಿಮೆ ಸರಿ ಹೋಯಿತು. ಅಷ್ಟು ನೀರು ಈಗ ಎಲ್ಲಿ ಹೋಗುತ್ತಿದೆ? ಪೈಪಿನಿಂದ ರಸ್ತೆಗೆ, ರಸ್ತೆಯಿಂದ ಚರಂಡಿಗೆ. ನೆಲಕ್ಕೆ ಇಳಿಸಿದ್ದೆಲ್ಲ ನಮ್ಮ ಬೋರಿಗೇ ಬರುತ್ತದೆ ಎಂದು ಹೇಳಲಾಗದು, ಪಕ್ಕದ ಓಣಿಗೂ ಹೋದೀತು. ಹೋಗಲಿ ಬಿಡಿ. ಅಲ್ಲಿಂದಲೇ ತಾನೆ ನಾವು ಎಳೆದದ್ದು.

ಎರಡನೆಯದು ಲಾಡ್ಜ್. ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ಬೇಕು ಎಂದು ಭಾರತೀಯ ಮಾನಕದ ಲೆಕ್ಕವಿದೆ. ಕಚೇರಿಯಲ್ಲಿ ತಲೆಗೆ 45, ಖಾನಾವಳಿಯಲ್ಲಿ ಒಂದು ಕುರ್ಚಿಗೆ 70, ನೂರು ಹಾಸಿಗೆಯೊಳಗಿನ ಆಸ್ಪತ್ರೆಯಲ್ಲಿ ಹಾಸಿಗೆಗೆ 340. ನಲವತ್ತು ಹಾಸಿಗೆಯ ಲಾಡ್ಜ್ ತುಂಬಿದರೆ ದಿನಕ್ಕೆ 7,200 ಲೀಟರ್, ವರ್ಷವಿಡೀ ತುಂಬಿದ್ದರೆ 26 ಲಕ್ಷ ಲೀಟರ್. ಅದರ ಚಾವಣಿಯೋ ಮೂರು ಸಾವಿರ ಚದರ ಅಡಿ. ಮೇಲಿನ ಲೆಕ್ಕದಂತೆ ಸಿಗುವ ಮಳೆನೀರು ಒಂದು ಲಕ್ಷ 78 ಸಾವಿರ ಲೀಟರ್ ಮಾತ್ರ. ಹೆಚ್ಚು ಕಡಿಮೆ ಹದಿನೈದರಲ್ಲಿ ಒಂದು ಪಾಲು, ಅಷ್ಟೇ.

ಆದ್ದರಿಂದ ಲಾಡ್ಜಿಗೆ, ಆಸ್ಪತ್ರೆಗೆ ಮಳೆಗುಂಡಿಯೊಂದೇ ಮದ್ದಲ್ಲ. ಅಲ್ಲಿ ಖರ್ಚನ್ನೇ ಇಳಿಸಬೇಕು. ನಲ್ಲಿಯ ಬಾಯಿಗೆ ಗಾಳಿ ಬೆರೆಸುವ ಸಣ್ಣ ಜಾಲರಿ ಹಾಕಿದರೆ ಕೈ ತೊಳೆಯಲು ಬೇಕಾದ ನೀರು ಅರ್ಧಕ್ಕೆ ಇಳಿಯುತ್ತದೆ. ಇದಕ್ಕೆ ಏರೇಟರ್ ಎನ್ನುತ್ತಾರೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹತ್ತು ಲೀಟರ್ ಸುರಿಯುವ ಹಳೆಯ ಫ್ಲಶ್ ತೆಗೆದು ಮೂರು–ಆರು ಲೀಟರಿನ ಎರಡು ಗುಂಡಿಯದನ್ನು ಹಾಕಬಹುದು. ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕುವ ನಲ್ಲಿ ದಿನಕ್ಕೆ 20ರಿಂದ 30 ಲೀಟರ್ ಕಳೆಯುತ್ತದೆ. ಒಂದು ಲಾಡ್ಜಿನಲ್ಲಿ ಇಂಥ ಹತ್ತು ನಲ್ಲಿ ಇದ್ದರೆ? ವಾಷರ್ ಬದಲಿಸಲು ಹುಡುಗನನ್ನು ಕರೆಯಲು ನಮಗೆ ಬೇಸರ. ಮಾಡಿನ ಟಾಕಿ ತುಂಬಿ ಹರಿಯುವುದು ಇನ್ನೊಂದು ರೋಗ. ‘ಪಂಪ್ ಬಂದ್ ಮಾಡ್ರೋ’ ಎಂದು ಬೀದಿಯವರು ಕೂಗಬೇಕು. ಟಾಕಿ ತುಂಬಿದಾಗ ತಾನೇ ನಿಲ್ಲುವ ಸ್ವಿಚ್ ಸಿಗುವಾಗ ಈ ಕೂಗು ಯಾಕೆ?

ಹೊಸದಾಗಿ ಕಟ್ಟುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಸ್ನಾನದ ನೀರಿನ ಪೈಪು, ಸಂಡಾಸದ ಪೈಪು ಬೇರೆ ಬೇರೆ ಇಟ್ಟರೆ ಸ್ನಾನದ ನೀರನ್ನು ಸೋಸಿ ಫ್ಲಶ್‌ಗೆ ಬಳಸಲು ಬರುತ್ತದೆ. ಕಟ್ಟಿ ಮುಗಿದ ಮೇಲೆ ಗೋಡೆ ಒಡೆದು ಇದನ್ನು ಮಾಡುವುದು ದುಬಾರಿ. ನಕ್ಷೆ ಹಾಕುವಾಗಲೇ ಯೋಚಿಸಬೇಕು.

ಕಲ್ಲಿನವರಿಂದ ಕಲಿಯೋಣ

ಮೂರನೆಯದು ಗಾಡಿ ತೊಳೆಯುವ ಸೆಂಟರ್ ಮತ್ತು ಕುಡಿಯುವ ನೀರಿನ ಪ್ಲಾಂಟ್. ಇಲ್ಲಿ ತಾಂಡೂರಿನ ಕಲ್ಲಿನವರಿಂದ ಒಂದು ಪಾಠವಿದೆ. ಕಲ್ಲು ಕೊಯ್ಯಲು, ಪಾಲಿಶ್ ಮಾಡಲು ನೀರು ಸುರಿಯುತ್ತಲೇ ಇರಬೇಕು. ಪ್ರತಿ ಸಲ ಹೊಸ ನೀರು ಹಾಕಿದರೆ ಯಾರಿಗೂ ಪೂರೈಸದು. ಅದಕ್ಕೇ ಅಚ್ಚುಕಟ್ಟಾಗಿ ನಡೆಸುವ ಕಡೆ ನೀರನ್ನು ತೊಟ್ಟಿಗೆ ಬಿಟ್ಟು, ಕಲ್ಲಿನ ಹಿಟ್ಟು ತಳಕ್ಕೆ ಕೂತ ಮೇಲೆ ತಿಳಿನೀರನ್ನು ಮತ್ತೆ ಯಂತ್ರಕ್ಕೆ ಕೊಡುತ್ತಾರೆ. ಆ ಹಿಟ್ಟನ್ನು ರಸ್ತೆ ಬದಿ ಸುರಿಯುವುದು ತಪ್ಪು, ಅದು ಬೇರೆ ಜಗಳ. ಆದರೆ ನೀರು ತಿರುಗಿಸುವ ಈ ಬುದ್ಧಿ ಹೆದ್ದಾರಿಯ ಲಾರಿ ತೊಳೆಯುವವರಿಗೆ ಯಾಕೆ ಬರಬಾರದು? ಎರಡು ತೊಟ್ಟಿ, ಎಣ್ಣೆ ತೇಲಿದ್ದನ್ನು ತೆಗೆಯಲು ಒಂದು ತಡೆ, ಇಷ್ಟಿದ್ದರೆ ಮೊದಲ ತೊಳೆತಕ್ಕೆ ಹಳೆಯ ನೀರು, ಕೊನೆಯ ತೊಳೆತಕ್ಕೆ ಹೊಸ ನೀರು ಎಂದು ಮಾಡಬಹುದು.

ನೀರಿನ ಪ್ಲಾಂಟುಗಳು ಓಣಿಗೊಂದು ಆಗಿವೆ. ಒಂದು ಕ್ಯಾನ್ ಶುದ್ಧ ನೀರು ಕೊಡುವಾಗ ಯಂತ್ರ ಕಡಿಮೆ ಎಂದರೂ ಅರ್ಧ ಕ್ಯಾನ್, ಕೆಲವೆಡೆ ಅದಕ್ಕೂ ಬಹಳ ಹೆಚ್ಚು ಉಪ್ಪುನೀರು ಹೊರಗೆ ಬಿಡುತ್ತದೆ. ಅದು ಕುಡಿಯಲು ಬಾರದು, ಗಿಡಕ್ಕೂ ಒಳ್ಳೆಯದಲ್ಲ. ಆದರೆ ನೆಲ ತೊಳೆಯಲು, ಸಂಡಾಸಕ್ಕೆ ಧಾರಾಳವಾಗಿ ಸಾಕು. ಪ್ಲಾಂಟಿನ ಪಕ್ಕದಲ್ಲೇ ಕಾಂಪ್ಲೆಕ್ಸ್ ಇದ್ದರೂ ಆ ನೀರು ಮೋರಿಗೆ ಹೋಗುತ್ತದೆ, ಕಾಂಪ್ಲೆಕ್ಸಿನವರು ಸಂಡಾಸಕ್ಕೆ ಟ್ಯಾಂಕರ್ ತರಿಸುತ್ತಾರೆ.

ಕೆಂಪು ನೆಲದ ವರ

ಮಳೆನೀರು ಇಳಿಸುವ ವಿಷಯದಲ್ಲಿ ಜಹೀರಾಬಾದಿನವರು ಪುಣ್ಯವಂತರು. ಬೀದರಿನಿಂದ ಇಲ್ಲಿವರೆಗೆ ಹಬ್ಬಿದ ದಿನ್ನೆಯ ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ಕಪ್ಪು ಬಸಾಲ್ಟ್ ಬಂಡೆ. ಕೆಂಪು ಕಲ್ಲು ತೂತು ತೂತಾಗಿರುವುದರಿಂದ ನೀರು ಕುಡಿಯುತ್ತದೆ, ಕಪ್ಪು ಬಂಡೆ ಅದನ್ನು ತಡೆದು ನಿಲ್ಲಿಸುತ್ತದೆ. ದಿನ್ನೆಯ ಅಂಚಿನಲ್ಲಿ ಅದೇ ಝರಿಯಾಗಿ ಹೊರಬರುತ್ತದೆ. ಬೀದರಿನ ನರಸಿಂಹ ಝರಣಿ, ನಾನಕ್ ಝೀರಾ ನೋಡದವರು ನಮ್ಮಲ್ಲಿ ಯಾರಿದ್ದಾರೆ? ಬಹಮನಿ ಸುಲ್ತಾನರ ಕಾಲದಲ್ಲಿ ಈ ಗುಣ ಅರಿತೇ ನೌಬಾದಿನಲ್ಲಿ ನೆಲದೊಳಗೆ ಸುರಂಗ ತೋಡಿ, ಮೇಲೆ ಸಾಲು ಬಾವಿ ಬಿಟ್ಟು, ಕರೇಜ್ ಎಂಬ ನೀರಿನ ದಾರಿ ಮಾಡಿದರು. ಪಂಪಿಲ್ಲದೆ, ಕರೆಂಟಿಲ್ಲದೆ ನೀರು ಹರಿಯಿತು. ಅಂಥ ನೆಲದ ಮೇಲೆ ಕೂತು ನಾವು ಟ್ಯಾಂಕರ್‌ಗೆ ಫೋನ್ ಮಾಡುತ್ತಿದ್ದೇವೆ. ಅಂಗಳಕ್ಕೆಲ್ಲ ಸಿಮೆಂಟ್ ಬಳಿದು, ಟೈಲ್ಸ್ ಹಾಕಿ, ಕುಡಿಯುವ ನೆಲದ ಬಾಯಿ ಮುಚ್ಚಿದ್ದೇವೆ.

ತಾಂಡೂರಿನ ಮಾತು ಬೇರೆ. ಅಲ್ಲಿ ಕರಿ ಎರೆಭೂಮಿ ಬಹಳ. ಅದು ನೀರನ್ನು ನಿಧಾನಕ್ಕೆ ಕುಡಿಯುತ್ತದೆ. ಅಂಥ ಕಡೆ ಗುಂಡಿಗಿಂತ ಮಳೆನೀರನ್ನು ಸಂಪಿನಲ್ಲಿ ತುಂಬಿಟ್ಟು ನೇರವಾಗಿ ಬಳಸುವುದೇ ಲೇಸು. ಒಂದೇ ನಕ್ಷೆಯನ್ನು ಮೂರೂ ಊರಿಗೆ ಅಂಟಿಸುವುದು ಸರಿಯಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಬೇಕು. ಜಲ್ಲಿ, ಮರಳಿನಲ್ಲಿ ಸೋಸದೆ ಯಾವ ನೀರನ್ನೂ ಬೋರಿಗೆ ಇಳಿಸಬಾರದು. ಅಡುಗೆಮನೆ, ಆಸ್ಪತ್ರೆ, ಗ್ಯಾರೇಜಿನ ನೀರನ್ನಂತೂ ನೆಲಕ್ಕೆ ಬಿಡಲೇಬಾರದು. ನೆಲದ ನೀರು ಒಮ್ಮೆ ಕೆಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆಯದೇ ಆದ ಪಟಾನ್‌ಚೆರುವಿನ ಜನ ಕಾರ್ಖಾನೆಗಳ ಕಾಲದಲ್ಲಿ ಕಂಡಿದ್ದಾರೆ.

ಕಾಯ್ದೆ ಇದೆ, ಕೇಳುವವರಿಲ್ಲ

ಇದಕ್ಕೆಲ್ಲ ಕಾಯ್ದೆ ಇಲ್ಲವೇ ಎಂದು ಓದುಗರು ಕೇಳಬಹುದು. ಇದೆ. ಅವಿಭಜಿತ ಆಂಧ್ರದಲ್ಲಿ 2002ರಲ್ಲಿ ಬಂದ ನೀರು, ಭೂಮಿ, ಮರಗಳ ಕಾಯ್ದೆ, ಜನರ ಬಾಯಲ್ಲಿ ‘ವಾಲ್ಟಾ’, ತೆಲಂಗಾಣದಲ್ಲೂ ಮುಂದುವರಿದಿದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 250 ಮೀಟರ್ ಒಳಗೆ ಅನುಮತಿ ಇಲ್ಲದೆ ಬೋರ್ ಕೊರೆಯುವಂತಿಲ್ಲ ಎಂದು ಅದು ಹೇಳುತ್ತದೆ. ಮನೆಯಿರಲಿ, ವ್ಯಾಪಾರದ ಕಟ್ಟಡವಿರಲಿ, 200 ಚದರ ಮೀಟರ್‌ಗಿಂತ ದೊಡ್ಡ ಜಾಗಗಳಲ್ಲಿ ಮಳೆನೀರು ಇಂಗಿಸುವ ಮಾತೂ ಅದರಲ್ಲಿದೆ. ಓಣಿಯ ಬೋರಿಂಗ್‌ನಿಂದ ಆ ಹಾಲ್‌ನ ಬೋರು ಎಷ್ಟು ದೂರ ಎಂದು ನಾನು ಹೆಜ್ಜೆ ಹಾಕಿ ಎಣಿಸಿದೆ. ಅರವತ್ತು ಹೆಜ್ಜೆ ಆಗಲಿಲ್ಲ.

ಕಟ್ಟಡದ ನಕ್ಷೆಯಲ್ಲಿ ಮಳೆಗುಂಡಿ ಇರುತ್ತದೆ, ನೆಲದ ಮೇಲೆ ಇರುವುದಿಲ್ಲ. ಇದ್ದರೂ ಮೊದಲ ವರ್ಷ ಕಸ ತುಂಬಿ, ಮರು ವರ್ಷ ಅದರ ಮೇಲೆ ಪಾನ್ ಡಬ್ಬಾ ಕೂತಿರುತ್ತದೆ. ವರ್ಷಕ್ಕೊಮ್ಮೆ ವ್ಯಾಪಾರ ಪರವಾನಗಿ ನವೀಕರಿಸುವಾಗ ಅಗ್ನಿಶಾಮಕ ಕಾಗದ ಕೇಳುವಂತೆ ನೀರಿನ ಮೀಟರ್ ಓದಿನ ಕಾಗದವನ್ನೂ ಕೇಳಿದರೆ ಅರ್ಧ ಕೆಲಸ ಆದಂತೆ. ದಂಡಕ್ಕಿಂತ ಮೊದಲು ಲೆಕ್ಕ ಬರಲಿ. ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ ಗುಂಡಿಗಳನ್ನು ತೆರೆಸಿ ನೋಡಲಿ.

ಬೆಂಗಳೂರಿನವರು ಈ ಪಾಠವನ್ನು ಬಿಸಿ ಮುಟ್ಟಿದ ಮೇಲೆ ಕಲಿತರು. 2024ರ ಮಾರ್ಚ್‌ನಲ್ಲಿ ಬೋರುಗಳು ಬತ್ತಿದಾಗ ಅಲ್ಲಿನ ಜಲಮಂಡಳಿ ಮಾಲ್, ಹೋಟೆಲ್, ವಾಣಿಜ್ಯ ಕಟ್ಟಡಗಳಿಗೆ ಏರೇಟರ್ ಕಡ್ಡಾಯ ಮಾಡಿತು. ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದಿತು. ನಮ್ಮದು ಸಣ್ಣ ಊರು. ಬಿಸಿ ಮುಟ್ಟುವ ಮೊದಲೇ ಮಾಡಿದರೆ ದಂಡವೂ ಬೇಡ, ಗದ್ದಲವೂ ಬೇಡ. ಗಡಿಯ ಇನ್ನೊಂದು ತುದಿಯ ಕಾಸರಗೋಡಿನಲ್ಲಿ ಕುಳಿತು ಶ್ರೀಪಡ್ರೆಯವರು ಮಳೆನೀರಿನ ಬಗ್ಗೆ ದಶಕಗಳಿಂದ ಕನ್ನಡದಲ್ಲಿ ಬರೆಯುತ್ತಿದ್ದಾರೆ. ಓದಲು ನಮಗೆ ಭಾಷೆಯ ತೊಂದರೆಯೂ ಇಲ್ಲ!

ಮಾಲೀಕರ ಮಾತಿನಲ್ಲೂ ನ್ಯಾಯವಿದೆ. ‘ಕಬ್ಬಿನ ಹೊಲದಾಗ ಹರಿಯೋ ನೀರು ನೋಡ್ರಿ, ನಮ್ಮದು ಯಾವ ಲೆಕ್ಕ?’ ಎನ್ನುತ್ತಾರೆ. ಖರೇ, ಹೊಲಗಳು ಎತ್ತುವ ನೀರಿನ ಮುಂದೆ ಲಾಡ್ಜಿನದು ಸಣ್ಣದು. ಆದರೆ ಓಣಿಯ ಬೋರಿಂಗ್ ಒಣಗುವುದು ಹತ್ತು ಮೈಲಿ ಆಚೆಯ ಕಬ್ಬಿನಿಂದಲ್ಲ, ಗೋಡೆಯಾಚೆಯ ಬೋರಿನಿಂದ. ‘ಕಾಂಪ್ಲೆಕ್ಸಿನಲ್ಲಿ ಬಾಡಿಗೆದಾರರು ಕೇಳಂಗಿಲ್ರಿ’ ಎಂಬುದು ಇನ್ನೊಂದು ಮಾತು. ಕರೆಂಟಿಗೆ ಅಂಗಡಿಗೊಂದು ಮೀಟರ್ ಇಟ್ಟ ಮೇಲೆ ದೀಪ ಆರಿಸುವುದನ್ನು ಎಲ್ಲರೂ ಕಲಿಯಲಿಲ್ಲವೇ?

ಬೀಗರೂ ಕೇಳಬಹುದು

ಹಾಲ್ ಬುಕ್ ಮಾಡುವಾಗ ನಾವು ಏನೇನು ಕೇಳುತ್ತೇವೆ? ಎ.ಸಿ. ಇದೆಯೇ, ಪಾರ್ಕಿಂಗ್ ಎಷ್ಟು, ಜನರೇಟರ್ ಇದೆಯೇ. ‘ಮಳೆನೀರಿನ ಗುಂಡಿ ಇದೆಯೇನ್ರಿ?’ ಎಂದು ಒಬ್ಬರೂ ಕೇಳುವುದಿಲ್ಲ. ಹತ್ತು ಗಿರಾಕಿಗಳು ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಗುಂಡಿ ಇರುತ್ತದೆ. ಅರ್ಧ ಕುಡಿದು ಬಿಟ್ಟ ನೀರಿನ ಬಾಟಲಿಗಳನ್ನು ಕೈತೊಳೆಯುವ ಜಾಗದಲ್ಲಿ ಖಾಲಿ ಮಾಡಿ ಬರುವವರೂ ನಾವೇ.

2022ರ ಫೆಬ್ರುವರಿಯಲ್ಲಿ ನಾರಾಯಣಖೇಡದಲ್ಲಿ ಎರಡು ಏತ ನೀರಾವರಿ ಯೋಜನೆಗಳಿಗೆ ಶಂಕುಸ್ಥಾಪನೆ ನಡೆಯಿತು. ಒಂದರ ಹೆಸರು ಬಸವೇಶ್ವರ, ಇನ್ನೊಂದರದು ಸಂಗಮೇಶ್ವರ. ಹೆಸರು ಕೇಳಿ ಗಡಿಯ ಕನ್ನಡಿಗರಿಗೆ ಹೆಮ್ಮೆಯಾಯಿತು. ಝರಾಸಂಗಮದ ಕೇತಕಿ ಸಂಗಮೇಶ್ವರನ ಗುಂಡದ ನೀರನ್ನು ಮೂರು ರಾಜ್ಯದವರು ತಲೆಗೆ ಚಿಮುಕಿಸಿಕೊಳ್ಳುತ್ತೇವೆ. ಕಾಯಕ, ದಾಸೋಹ ಎಂದು ಬಾಯಿ ತುಂಬ ಹೇಳುತ್ತೇವೆ. ಪಕ್ಕದ ಮನೆಯ ಕೊಡ ಖಾಲಿ ಮಾಡಿ ಮಾಡಿದ ದಾಸೋಹ ಎಂಥ ದಾಸೋಹ? ದೊಡ್ಡ ಯೋಜನೆ ಬರಲಿ, ಬೇಗ ಬರಲಿ. ಅಲ್ಲಿವರೆಗೆ ನಮ್ಮ ಚಾವಣಿಯ ನೀರನ್ನು ಯಾರೂ ಉದ್ಘಾಟಿಸಬೇಕಾಗಿಲ್ಲ.

ಈ ಏಪ್ರಿಲ್‌ನಲ್ಲಿ ಹೊಸ ಖಾತೆ ಪುಸ್ತಕ ತೆರೆದಾಗ ನಾನು ಕೇಳದೆಯೇ ಒಂದು ಪುಟಕ್ಕೆ ‘ನೀರು’ ಎಂದು ತಲೆಬರಹ ಹಾಕಿದೆ. ಟ್ಯಾಂಕರ್ ಚೀಟಿಗಳನ್ನೆಲ್ಲ ಅಲ್ಲಿಗೆ ತಂದೆ. ತಿಂಗಳ ಕೊನೆಗೆ ಮೊತ್ತ ನೋಡಿದ ಮಾಲೀಕರು ‘ಇಷ್ಟ್ ಆಗ್ತದೇನ್ರಿ?’ ಎಂದು ಎರಡು ಸಲ ಕೇಳಿದರು. ಜೂನ್‌ನಲ್ಲಿ ಬೋರಿನ ಪೈಪಿಗೆ ಮೀಟರ್ ಕೂಡಿಸಿದರು. ಗುಂಡಿಯ ಮಾತು ಎತ್ತಿದರೆ ‘ನೋಡೋಣ, ದೀಪಾವಳಿ ಆಗಲಿ’ ಎನ್ನುತ್ತಾರೆ. ಆದರೆ ಮಳೆ ದೀಪಾವಳಿಗೆ ಕಾಯುವುದಿಲ್ಲ. ಈ ಬರಹ ಓದಿ ಅವರು ಲೆಕ್ಕ ಬರೆಯಲು ಬೇರೆಯವರನ್ನು ಹುಡುಕಿದರೂ ನನಗೆ ಅಚ್ಚರಿಯಿಲ್ಲ. ಆ ಪುಟವೊಂದನ್ನು ಮಾತ್ರ ಮುಂದೆ ಬರುವವರು ಹರಿಯದಿರಲಿ.

ಅಂಗಡಿ, ಲಾಡ್ಜು, ಆಸ್ಪತ್ರೆ ಇಟ್ಟ ಕನ್ನಡ ಬಂಧುಗಳಲ್ಲಿ ಇಷ್ಟೇ ವಿನಂತಿ. ಇಂದು ರಾತ್ರಿ ಗಲ್ಲಾ ಎಣಿಸಿದ ಮೇಲೆ ಖಾತೆಯಲ್ಲಿ ಒಂದು ಪುಟ ತಿರುವಿ ನೀರು ಎಂದು ಬರೆಯಿರಿ. ನಾಳೆ ಮೀಟರ್ ತನ್ನಿ. ಉಳಿದದ್ದನ್ನು ಆ ಪುಟವೇ ನಿಮಗೆ ಹೇಳುತ್ತದೆ. ಹಿಂದಿನ ಓಣಿಯ ಅಜ್ಜಿ ಈಗಲೂ ಮದುವೆ ಇದ್ದ ದಿನ ಬೋರಿಂಗ್ ಹೊಡೆಯುವುದನ್ನು ಬಿಟ್ಟು, ಹಿಂದಿನ ರಾತ್ರಿಯೇ ಕೊಡ ತುಂಬಿಡುತ್ತಾರೆ. ಪಂಚಾಂಗ ನೋಡಿ ಮುಹೂರ್ತದ ದಿನ ಗುರುತು ಹಾಕಿಕೊಂಡಿದ್ದಾರಂತೆ. ನಮ್ಮ ಮನೆಯ ಶುಭದಿನ ಇನ್ನೊಬ್ಬರ ಮನೆಯಲ್ಲಿ ನೀರಿಲ್ಲದ ದಿನವಾಗಬಾರದು.